ಖಣಿಯ ಕಡೆಗಿನ ಮೂರು ಕಿಟಕಿ

ನನ್ನ ಹಳೆಯ ದಿನಚರಿಗಳ ಮೇಲೆ ನನಗೆ ನಂಬಿಕೆ ಕಡಿಮೆ. ನೆನಪಿನ ಮೇಲೆ ಅದಕ್ಕಿಂತ ಕಡಿಮೆ. ದಿನಚರಿಯಲ್ಲಿ ಸುಳ್ಳು ಬರೆದಿದ್ದರೂ ಅದು ಆ ದಿನದ ಸುಳ್ಳು, ಅಲ್ಲಿಗೇ ನಿಂತಿರುತ್ತದೆ. ನೆನಪು ಹಾಗಲ್ಲ, ವರ್ಷ ವರ್ಷ ತನ್ನದೊಂದಿಷ್ಟು ಸೇರಿಸುತ್ತಲೇ ಇರುತ್ತದೆ. ಆದ್ದರಿಂದ ನಮ್ಮ ಕಾಕಿ ಪಂಚಾಯಿತಿ ಅಧ್ಯಕ್ಷೆಯಾಗಿದ್ದ ಕಾಲದ್ದನ್ನು ಬರೆಯುವಾಗ ಯಾವುದು ದಿನಚರಿಯಲ್ಲಿದೆ, ಯಾವುದು ಬರೀ ನೆನಪು ಎಂದು ಹೇಳುತ್ತ ಹೋಗುತ್ತೇನೆ. ಎಲ್ಲ ಕಡೆಯೂ ಸಾಧ್ಯವಾಗಲಿಕ್ಕಿಲ್ಲ.

ತೊಂಬತ್ತರ ದಶಕದ ನಡುಭಾಗ. ನಾನು ಹುಮನಾಬಾದಿನ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳುತ್ತಿದ್ದೆ. ನಮ್ಮ ಊರು ಹುಮನಾಬಾದಿಗೂ ಬಸವಕಲ್ಯಾಣಕ್ಕೂ ನಡುವೆ ಎಲ್ಲೋ ಇದೆ. ಯಾವ ತಾಲ್ಲೂಕಿನದೆಂದು ಹೇಳುವುದಿಲ್ಲ. ಹೇಳಿದರೆ ಮುಂದೆ ಬರುವ ಸಾಹೇಬರು ಯಾರೆಂದು ಕೆಲವರಿಗೆ ತಿಳಿದುಬಿಡುತ್ತದೆ, ಅವರೊಬ್ಬರೇ ಹಾಗಿದ್ದರೆಂಬ ತಪ್ಪು ತಿಳಿವಳಿಕೆಯೂ ಆಗುತ್ತದೆ. ಎಲ್ಲರೂ ಹಾಗೇ ಇದ್ದರು.

ಅದಕ್ಕೆ ಮೊದಲು ನಮ್ಮಲ್ಲಿ ಮಂಡಲ ಪಂಚಾಯಿತಿ ಇತ್ತು. ಅದರ ಅವಧಿ ಮುಗಿಯಿತೆಂದರು. ಚುನಾವಣೆ ಮಾಡಲಿಲ್ಲ, ಒಬ್ಬ ಆಡಳಿತಾಧಿಕಾರಿಯನ್ನು ಕೂರಿಸಿದರು. ಊರಲ್ಲಿ ಯಾರಿಗೂ ಏನೂ ಅನ್ನಿಸಲಿಲ್ಲ. ಆಮೇಲೆ ದಿಲ್ಲಿಯಲ್ಲಿ ಸಂವಿಧಾನಕ್ಕೆ ತಿದ್ದುಪಡಿ ಆಯಿತು, ಬೆಂಗಳೂರಿನಲ್ಲಿ ಹೊಸ ಕಾಯ್ದೆ ಆಯಿತು, ನಮ್ಮಲ್ಲಿ ಹಳೆಯ ಬೋರ್ಡಿನ ಮೇಲಿನ ‘ಮಂಡಲ’ ಎಂಬುದಕ್ಕೆ ಬಣ್ಣ ಬಳಿದು ‘ಗ್ರಾಮ’ ಎಂದು ಬರೆದರು. ಎರಡು ಬೇಸಿಗೆಗೆ ಬಣ್ಣ ಸುಲಿದು ಎರಡೂ ಪದ ಒಂದರ ಮೇಲೊಂದು ಕಾಣತೊಡಗಿದವು. ಮೂರನೆಯ ಸ್ತರದ ಸರ್ಕಾರ ನಮ್ಮ ಊರಿಗೆ ಬಂದದ್ದು ಹೀಗೆ.

ನಾನು ಆ ತಿದ್ದುಪಡಿಯನ್ನು ತರಗತಿಯಲ್ಲಿ ಭಕ್ತಿಯಿಂದ ಪಾಠ ಮಾಡುತ್ತಿದ್ದೆ. ಒಕ್ಕೂಟವೆಂದರೆ ಕೇಂದ್ರ ಮತ್ತು ರಾಜ್ಯ ಎರಡೇ ಅಲ್ಲ, ಇನ್ನು ಮುಂದೆ ಹಳ್ಳಿಯೂ ಒಂದು ಸರ್ಕಾರ ಎನ್ನುತ್ತಿದ್ದೆ. ಅದೇ ಸಂವಿಧಾನದ ರಾಜ್ಯಪಟ್ಟಿಯಲ್ಲಿ ಸ್ಥಳೀಯ ಸರ್ಕಾರವೆಂಬ ಬಾಬತ್ತು ಸೆರೆಮನೆಗಳ ಮುಂದಿನ ಸಾಲಿನಲ್ಲೇ ಇದೆ, ಅಂದರೆ ರಾಜ್ಯ ತನ್ನ ಜೈಲುಗಳನ್ನು ನಡೆಸುವಂತೆ ತನ್ನ ಪಂಚಾಯಿತಿಗಳನ್ನೂ ನಡೆಸಬಹುದು ಎಂಬುದನ್ನು ಬೇಗ ಬೇಗ ಹೇಳಿ ಮುಗಿಸುತ್ತಿದ್ದೆ. ತಿದ್ದುಪಡಿ ಕೂಡ ಹಳ್ಳಿಗೆ ನೇರವಾಗಿ ಏನನ್ನೂ ಕೊಟ್ಟಿರಲಿಲ್ಲ. ಅಧಿಕಾರವನ್ನು ರಾಜ್ಯ ಕೊಡಬಹುದು ಎಂದಿತ್ತು, ಕೊಡಲೇಬೇಕೆಂದು ಇರಲಿಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಂಬಿದ್ದೆ. ಓದಿದವರಿಗೆ ಈ ಸೌಕರ್ಯ ಇರುತ್ತದೆ.

ಕಾಕಿ ಎಂದರೆ ನನ್ನ ತಂದೆಯ ತಮ್ಮನ ಹೆಂಡತಿ. ಗಡಿಯಾಚೆಯ ಮರಾಠಿ ಊರಿನಿಂದ ಬಂದವಳು. ನಾಲ್ಕನೇ ಇಯತ್ತೆಯವರೆಗೆ ಮರಾಠಿ ಓದಿದ್ದಳು. ಕನ್ನಡ ಮಾತಾಡುತ್ತಿದ್ದಳು, ಓದಲು ಬರುತ್ತಿರಲಿಲ್ಲ. ಸಹಿಯನ್ನು ದೇವನಾಗರಿಯಲ್ಲಿ, ಅಕ್ಷರಗಳ ತಲೆಗೆರೆ ಮೊದಲು ಎಳೆದುಕೊಂಡು, ಆಮೇಲೆ ಒಂದೊಂದನ್ನೇ ಅದಕ್ಕೆ ತೂಗುಹಾಕಿದಂತೆ ಬರೆಯುತ್ತಿದ್ದಳು. ಅಧ್ಯಕ್ಷ ಸ್ಥಾನ ಹೆಂಗಸರಿಗೆ ಮೀಸಲಾದಾಗ ಊರಿನ ಹಿರಿಯರು ಬಾಯಿಲ್ಲದ ಹೆಣ್ಣುಮಗಳೊಬ್ಬಳನ್ನು ಹುಡುಕಿ ಕಾಕಿಯನ್ನು ಆರಿಸಿದೆವೆಂದು ತಿಳಿದಿದ್ದರು. ಕಾಕಿ ಗಂಡಸರ ಮುಂದೆ ಮಾತಾಡುತ್ತಿರಲಿಲ್ಲ ಎಂಬುದು ನಿಜ. ಅವಳು ಎಲ್ಲಿ ಮಾತಾಡುತ್ತಿದ್ದಳೋ ಅಲ್ಲಿಗೆ ಹಿರಿಯರು ಬರುವಂತಿರಲಿಲ್ಲ.

ಆ ಜಾಗ ಖಣಿ. ನಮ್ಮ ಕಡೆ ನೆಲದಡಿಯ ಕೆಂಪು ಕಲ್ಲನ್ನು ಇಟ್ಟಿಗೆಯಂತೆ ಕೊರೆದು ತೆಗೆದು ಮನೆ ಕಟ್ಟುತ್ತಾರೆ. ಹಾಗೆ ಕೊರೆದು ಬಿಟ್ಟ ಹೊಂಡಕ್ಕೆ ಖಣಿ ಎನ್ನುತ್ತಾರೆ. ನಮ್ಮ ಊರ ಮಗ್ಗುಲಿನ ಹಳೆಯ ಖಣಿ ಒಂದಾಳೆತ್ತರ ಆಳವಿತ್ತು. ಸುತ್ತ ಜಾಲಿ ಬೆಳೆದು ಗೋಡೆಯಂತಾಗಿತ್ತು. ಊರ ಹೆಂಗಸರೆಲ್ಲ ನಸುಕಿನಲ್ಲಿ, ಮತ್ತೆ ಹೊತ್ತು ಮುಳುಗುವಾಗ, ನೀರಿನ ಚರಗಿ ಹಿಡಿದು ಬಯಲುಕಡೆಗೆ ಹೋಗುತ್ತಿದ್ದದ್ದು ಅಲ್ಲಿಗೆ. ಗಂಡಸರು ಆ ಕಡೆಯ ದಾರಿಯಲ್ಲಿ ತಲೆ ತಗ್ಗಿಸಿ ಬೇಗ ಸಾಗುತ್ತಿದ್ದರು. ಹೆರಿಗೆ, ಜಗಳ, ಸೊಸೆಯ ತವರು, ಯಾವ ಕಿರಾಣಿ ಅಂಗಡಿಯವನ ತಕ್ಕಡಿ ಸುಳ್ಳು, ಎಲ್ಲವೂ ಅಲ್ಲಿ ತೀರ್ಮಾನವಾಗುತ್ತಿತ್ತು. ಕಾಕಿಯನ್ನು ಅಧ್ಯಕ್ಷೆ ಮಾಡಬೇಕೆಂಬುದೂ ಹಿರಿಯರ ತಲೆಗೆ ಬರುವ ಮೊದಲೇ ಅಲ್ಲಿ ತೀರ್ಮಾನವಾಗಿತ್ತಂತೆ. ಇದು ಕಾಕಿ ಹೇಳಿದ್ದು. ನನಗೆ ಸಾಕ್ಷಿ ಇಲ್ಲ, ಇರಲು ಸಾಧ್ಯವೂ ಇಲ್ಲ.

ಪಂಚಾಯಿತಿಗೆ ಸ್ವಂತ ಕಟ್ಟಡ ಇರಲಿಲ್ಲ. ಹನುಮಂತನ ಗುಡಿಯ ಮಗ್ಗುಲಿನ ಒಂದು ಕೋಣೆಯಲ್ಲಿ ಒಂದು ಕಪಾಟು, ಎರಡು ಕುರ್ಚಿ, ಒಂದು ಜಮಖಾನ. ಕಾಕಿ ಅಧ್ಯಕ್ಷೆಯಾದ ಎರಡನೆಯ ವರ್ಷ ಕಟ್ಟಡ ಮಂಜೂರಾಯಿತು. ಮಂಜೂರಾತಿಯ ಕಾಗದದಲ್ಲೇ ಜಾಗವೂ ಇತ್ತು. ಮೇಲಿನ ಯಾರೋ ಕಂದಾಯದವರ ದಾಖಲೆ ತರಿಸಿ, ‘ಸರ್ಕಾರಿ, ಖಾಲಿ’ ಎಂದು ಬರೆದಿದ್ದ ನಂಬರೊಂದನ್ನು ಹುಡುಕಿ ಅದಕ್ಕೆ ಟಿಕ್ ಹಾಕಿದ್ದರು. ಅದು ಖಣಿಯ ಅಂಚು. ದಿನಕ್ಕೆರಡು ಬಾರಿ ಊರಿನ ಅರ್ಧ ಜನ ಹೋಗಿಬರುವ ಜಾಗ ಸರ್ಕಾರದ ಪುಸ್ತಕದಲ್ಲಿ ಖಾಲಿ. ತನ್ನ ಕಚೇರಿ ಎಲ್ಲಿರಬೇಕೆಂದು ಆ ಸ್ವಯಮಾಡಳಿತದ ಸಂಸ್ಥೆಯನ್ನು ಯಾರೂ ಕೇಳಿರಲಿಲ್ಲ. ಎಮ್ಮೆ ಕಟ್ಟುವ ಗೂಟ ಎಲ್ಲಿ ಬಡಿಯಬೇಕೆಂದು ಎಮ್ಮೆಯನ್ನು ಕೇಳುತ್ತಾರೆಯೇ.

ಕಾಕಿಗೆ ಬೇಕಾಗಿದ್ದದ್ದು ಒಂದೇ. ಕಟ್ಟಡ ರಸ್ತೆಯ ಆಚೆ ಬದಿಗೆ, ಶಾಲೆಯ ಮಗ್ಗುಲಿಗೆ ಹೋಗಬೇಕು. ಅಲ್ಲೂ ಸರ್ಕಾರಿ ಜಾಗವೇ ಇತ್ತು. ಕಟ್ಟಡ ಖಣಿಯ ಅಂಚಿಗೆ ಬಂದರೆ ಜಾಲಿ ಕಡಿಯುತ್ತಾರೆ, ದಿನವಿಡೀ ಗಂಡಸರು ಬಂದು ಕೂರುತ್ತಾರೆ, ಊರ ಹೆಂಗಸರಿಗೆ ಬೇರೆ ಮರೆ ಇಲ್ಲ.

ಸಭೆಯ ದಿನ ನಾನು ಊರಲ್ಲಿದ್ದೆ. ಇದು ದಿನಚರಿಯಲ್ಲಿದೆ. ಗುಡಿಯ ಕೋಣೆಯ ಹೊಸ್ತಿಲಿನ ಹೊರಗೆ ಕೂತಿದ್ದೆ. ಸೆಕ್ರೆಟರಿ, ಅಂದರೆ ಪಂಚಾಯಿತಿ ಕಾರ್ಯದರ್ಶಿ, ನಿರ್ಣಯಗಳನ್ನು ಬರೆಯುವ ಠರಾವು ಪುಸ್ತಕದಲ್ಲಿ ಎರಡು ಪುಟ ಖಾಲಿ ಬಿಟ್ಟು ಕೊನೆಗೆ ಎಲ್ಲ ಸದಸ್ಯರ ಸಹಿ, ಹೆಬ್ಬೆಟ್ಟು ಮೊದಲೇ ತೆಗೆದುಕೊಂಡಿದ್ದ. ಅದು ನಮ್ಮಲ್ಲಿ ರೂಢಿ. ಮೊದಲು ಸಹಿ, ಆಮೇಲೆ ಚಹಾ, ಆಮೇಲೆ ಯಾರಿಗಾದರೂ ತಡೆಯಲಾರದಷ್ಟು ಇದ್ದರೆ ಮಾತು. ಬರವಣಿಗೆಯನ್ನು ಅವನು ಬಿಡುವಾದಾಗ ಮೇಲಿನ ಖಾಲಿ ಜಾಗದಲ್ಲಿ ತುಂಬುತ್ತಿದ್ದ.

ಆ ದಿನ ಕಾಕಿಗೆ ತಡೆಯಲಾಗಲಿಲ್ಲ.

“ದಫ್ತರ ಬ್ಯಾಡ ಅನ್ನಂಗಿಲ್ಲ. ಆ ಜಾಗಾದಾಗ ಬ್ಯಾಡ. ರೋಡಿನ ಆ ಕಡಿ ಕಟ್ರಿ, ಸಾಲಿ ಮಗ್ಗಲಾಗ.”

ಹಿರಿಯ ಸದಸ್ಯರೊಬ್ಬರು ಕಾಕಾನಿಗಿಂತ ತುಸು ಚಿಕ್ಕವರು, ಕಾಕಿಯನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದರು. “ಯಾಕ ಬ್ಯಾಡ ವೈನಿ? ಜಾಗಾ ಬರೋಬ್ಬರಿ ಅದ. ತಳಕ್ಕ ಕಲ್ಲು ಅದ, ಪಾಯಾ ತೋಡೋ ಕೆಲಸಾನೂ ಇಲ್ಲ.”

“ಯಾಕ ಬ್ಯಾಡ ಅಂತ ನಿಮಗ ಗೊತ್ತಿಲ್ಲೇನ್ರಿ?”

“ನನಗ ಹ್ಯಾಂಗ ಗೊತ್ತಿರಬೇಕು?”

“ಮನ್ಯಾಗ ಕೇಳ್ರಿ. ನಸಿಕ್ಲೆ ಚರಗಿ ಹಿಡ್ಕೊಂಡು ಎತ್ತ ಹೋಗ್ತೀರಿ ಅಂತ ಕೇಳ್ರಿ.”

ಬಾಗಿಲ ಬಳಿ ಕೂತಿದ್ದ ಇಬ್ಬರು ಹೆಣ್ಣು ಸದಸ್ಯರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಗಂಡಸರು ಜಮಖಾನದ ಬಣ್ಣ ನೋಡತೊಡಗಿದರು. ಯಾರೂ ಕಾಕಿಯ ಮಾತು ಸುಳ್ಳೆನ್ನಲಿಲ್ಲ. ಎಲ್ಲರ ಮನೆಯಲ್ಲೂ ಹೆಂಡಿರು ಮಕ್ಕಳಿದ್ದರು. ಹಿರಿಯರೇ ಕೊನೆಗೆ, “ಆತು, ಆ ಕಡಿನೇ ಆಗಲಿ ಬಿಡ್ರಿ” ಎಂದರು. ಸೆಕ್ರೆಟರಿ ಪೆನ್ನಿನ ಟೊಪ್ಪಿ ತೆಗೆದು ಹಾಗೇ ಹಿಡಿದುಕೊಂಡ.

“ಕಾರಣ ಏನಂತ ಬರೀಲ್ರಿ ಅಧ್ಯಕ್ಷ್ರ?”

“ಈಗ ಹೇಳಿದ್ನಲ್ಲ, ಅದನ್ನೇ ಬರಿ.”

“ಅದನ್ನ ಹ್ಯಾಂಗ ಬರೀಲ್ರಿ? ಈ ಪುಸ್ತಕದ ನಕಲು ಮ್ಯಾಲ ಹೋಗ್ತದ. ನಾಳಿ ಮೀಟಿಂಗಿಗೆ ಹೋದ್ರ ಚರಗಿ ಊರಿನ ಸೆಕ್ರೆಟ್ರಿ ಬಂದ ಅಂತಾರ ನನಗ.”

“ನಿನಗ ಅಷ್ಟೇ ಅಂತಾರೇನು, ಊರಿಗೇ ಅಂತಾರ” ಎಂದರು ಹಿರಿಯರು. “ವೈನಿ, ಮಾತಿನ್ಯಾಗ ಆದ್ರ ನಡೀತದ. ಕಾಗದದಾಗ ಬ್ಯಾಡ. ಊರ ಇಜ್ಜತ್ ಅದ.”

ಅಲ್ಲಿಗೆ ಎಲ್ಲರೂ ನನ್ನ ಕಡೆ ತಿರುಗಿದರು. ನಿಮ್ಮ ಮಾಸ್ತರ ಇದ್ದಾನಲ್ಲ, ಅವನೇ ನಾಲ್ಕು ಚಲೋ ಮಾತು ಬರೆಯಲಿ ಎಂದು ಯಾರೋ ಹೇಳಿದರು. ನನಗೆ ಸಂತೋಷವಾಯಿತು. ಇದನ್ನು ಮುಚ್ಚಿಡುವುದಿಲ್ಲ. ಪುಸ್ತಕದಲ್ಲಿ ಓದಿದ್ದು ಮೊದಲ ಬಾರಿಗೆ ನಮ್ಮ ಊರಿನ ಕೆಲಸಕ್ಕೆ ಬರುತ್ತಿತ್ತು.

ಸಹಿಗಳ ಮೇಲೆ ಒಂದೂವರೆ ಪುಟದಷ್ಟು ಜಾಗವಿತ್ತು. ನಾನು ಮೊದಲು ದಿನಚರಿಯಲ್ಲಿ ಕರಡು ಮಾಡಿಕೊಂಡು, ಸಣ್ಣ ಅಕ್ಷರದಲ್ಲಿ ಅಷ್ಟನ್ನೂ ತುಂಬಿದೆ. ಸಂವಿಧಾನದ ಆಶಯ, ಸ್ವಯಮಾಡಳಿತ, ಅಧಿಕಾರ ವಿಕೇಂದ್ರೀಕರಣ, ಎಲ್ಲ ಬಂದವು. ಈ ಪಂಚಾಯಿತಿಯು ಸ್ಥಳೀಯ ಸರ್ಕಾರವಾದ್ದರಿಂದ ತನ್ನ ಕಟ್ಟಡದ ಸ್ಥಳವನ್ನು ನಿರ್ಧರಿಸುವ ಅಧಿಕಾರ ತನ್ನದೇ ಆಗಿದ್ದು, ಸಾರ್ವಜನಿಕ ಹಿತದೃಷ್ಟಿಯಿಂದ ಸದರಿ ಸ್ಥಳವನ್ನು ತಿರಸ್ಕರಿಸಿದೆ ಎಂದು ಬರೆದೆ. ಕಾಕಿಗೆ ಓದಿ ಹೇಳಿದೆ. ಅವಳು ಪುಟದ ಕೆಳಗಿನ ತನ್ನ ಸಹಿಯನ್ನೇ ನೋಡುತ್ತ ಕೇಳಿಸಿಕೊಂಡಳು.

“ಇದ್ರಾಗ ನಾ ಹೇಳಿದ್ದು ಎಲ್ಲಿ ಅದಪ್ಪ?”

“ಸಾರ್ವಜನಿಕ ಹಿತ ಅಂತ ಅದಲ್ಲ ಕಾಕಿ. ಅದ್ರಾಗ ಎಲ್ಲಾ ಬರ್ತದ.”

“ಎಲ್ಲಾ ಬರ್ತದೇನು?”

“ಎಲ್ಲಾ ಬರ್ತದ.”

ಬಹಳ ವರ್ಷ ನಾನು ಒಂದು ಸಂಗತಿ ನಂಬಿಕೊಂಡಿದ್ದೆ. ಕರಡಿನಲ್ಲಿ ಹೆಣ್ಣುಮಕ್ಕಳ ಬಗ್ಗೆ ಒಂದು ಸಾಲು ಇತ್ತು, ಪುಸ್ತಕದಲ್ಲಿ ಜಾಗ ಸಾಲದೆ ಅದನ್ನು ಬಿಡಬೇಕಾಯಿತು ಎಂದು. ಇಬ್ಬರು ಮೂವರಿಗೆ ಹಾಗೆ ಹೇಳಿಯೂ ಇದ್ದೇನೆ. ಆ ಕರಡು ನನ್ನ ದಿನಚರಿಯಲ್ಲೇ ಇದೆ. ಈಚೆಗೆ ತೆರೆದು ನೋಡಿದೆ. ಅಂಥ ಸಾಲು ಇಲ್ಲ. ಹೊಡೆದು ಹಾಕಿದ ಗುರುತೂ ಇಲ್ಲ. ನಾನು ಅದನ್ನು ಬರೆಯುವ ಯೋಚನೆಯನ್ನೇ ಮಾಡಿರಲಿಲ್ಲ. ಸಂವಿಧಾನದ ಪಕ್ಕದಲ್ಲಿ ಚರಗಿ ಇಡಲು ನನ್ನಿಂದ ಆಗಿರಲಿಲ್ಲ.

ರೂಢಿಯ ದಾರಿ ಬೇರೆ ಇತ್ತು. ಊರಿಗೆ ಏನಾದರೂ ಬೇಕಿದ್ದರೆ ಅಧ್ಯಕ್ಷರು ಶಾಲು, ತೆಂಗಿನಕಾಯಿ ತೆಗೆದುಕೊಂಡು ತಾಲ್ಲೂಕಿನ ಸಾಹೇಬರ, ಅಂದರೆ ತಾಲ್ಲೂಕು ಪಂಚಾಯಿತಿಯ ಮುಖ್ಯ ಅಧಿಕಾರಿಯ, ಬಾಗಿಲಲ್ಲಿ ನಿಂತು ಅರ್ಜಿ ಕೊಡುತ್ತಿದ್ದರು. ಹತ್ತಕ್ಕೆ ಮೂರೋ ನಾಲ್ಕೋ ಆಗುತ್ತಿದ್ದವು. ಕಾಕಿ ಹಾಗೇ ಹೋಗಲು ತಯಾರಾಗಿದ್ದಳು. ಮಾಣಿಕನಗರದ ಅಂಗಡಿಯಿಂದ ಒಂದು ಶಾಲನ್ನೂ ತರಿಸಿದ್ದಳು. ನಾನು ಬೇಡವೆಂದೆ. ಚುನಾಯಿತ ಸರ್ಕಾರವೊಂದು ನೌಕರನ ಮುಂದೆ ಕಾಯಿ ಹಿಡಿದು ನಿಲ್ಲುವುದೆಂದರೇನು ಎಂದೆ. ಶಾಲು ಮನೆಯಲ್ಲಿ ಉಳಿಯಿತು. ಆ ಚಳಿಗಾಲ ಕಾಕಾ ಅದನ್ನು ಹೊದ್ದುಕೊಂಡ.

ತಾಲ್ಲೂಕು ಕಚೇರಿಗೆ ಕಾಕಿ, ನಾನು, ಸೆಕ್ರೆಟರಿ ಮೂವರು ಹೋದೆವು. ಸಾಹೇಬರು ದಕ್ಷಿಣದ ಜಿಲ್ಲೆಯವರು. ನಮ್ಮ ಕಡೆಗೆ ಬಂದದ್ದನ್ನು ಶಿಕ್ಷೆಯೆಂದು ತಿಳಿದು, ಆ ಶಿಕ್ಷೆಯನ್ನು ನಮಗೆ ಹಂಚುತ್ತಿದ್ದರು. ಕೋಣೆಯಲ್ಲಿ ಎರಡು ಖಾಲಿ ಕುರ್ಚಿಗಳಿದ್ದವು. ಕೂರಿ ಎನ್ನಲಿಲ್ಲ. ಠರಾವಿನ ನಕಲನ್ನು ಮೊದಲ ನಾಲ್ಕು ಸಾಲು ಓದಿ ತಿರುಗಿಸಿ ಹಿಂಬದಿ ನೋಡಿದರು, ಅಲ್ಲಿ ಇನ್ನೇನಾದರೂ ತಮಾಷೆ ಇದೆಯೋ ಎಂಬಂತೆ.

“ಇದನ್ನ ಯಾರು ಬರೆದುಕೊಟ್ಟಿದ್ದು?”

ನಾನೆಂದೆ.

“ಮೇಷ್ಟ್ರಾ? ಹಾಗೇ ಅಂದ್ಕೊಂಡೆ.” ಆಮೇಲೆ ಕಾಕಿಯ ಕಡೆ ತಿರುಗಿದರು. “ಏನಮ್ಮ, ಆ ಜಾಗ ಯಾಕೆ ಬೇಡ? ನೀವು ಹೇಳಿ.”

ಇಲ್ಲಿ ನನ್ನ ನೆನಪು ಸರಿಯಾಗಿ ಸಹಾಯ ಮಾಡುವುದಿಲ್ಲ. ಕಾಕಿ ನನ್ನ ಕಡೆ ನೋಡಿದಳು ಎಂದು ದಿನಚರಿಯಲ್ಲಿದೆ. ಸಹಾಯ ಕೇಳಿ ನೋಡಿದಳೆಂದು ನಾನು ಆಗ ಬರೆದಿದ್ದೇನೆ. ಸುಮ್ಮನಿರು ಎಂದು ನೋಡಿದ್ದಿರಬಹುದು. ಅವಳು ಬಾಯಿ ತೆರೆದಿದ್ದಳೆಂದು ಈಗ ನನಗೆ ಅನ್ನಿಸುತ್ತದೆ. ನಾನು ಮಾತಾಡಿದೆ ಎಂಬುದರಲ್ಲಿ ಮಾತ್ರ ಸಂಶಯವಿಲ್ಲ. ಮೂರನೆಯ ಸ್ತರ, ಪ್ರಜಾಪ್ರಭುತ್ವದ ಬೇರು, ಅಧಿಕಾರ ಮೇಲಿನಿಂದ ಕೆಳಗಲ್ಲ ಕೆಳಗಿನಿಂದ ಮೇಲೆ, ಇತ್ಯಾದಿ. ನನ್ನ ತರಗತಿಯ ಮೊದಲ ಬೆಂಚಿನವರು ಕೂಡ ಅಷ್ಟು ತಾಳ್ಮೆಯಿಂದ ಕೇಳಿದ್ದಿಲ್ಲ. ಸಾಹೇಬರು ಕೇಳಿದರು. ಗಂಟೆ ಒತ್ತಿ ಒಂದು ಚಹಾ ತರಿಸಿಕೊಂಡು ಕುಡಿಯುತ್ತ ಕೇಳಿದರು.

“ಮುಗೀತಾ?” ಎಂದರು. “ನೋಡಿ ಮೇಷ್ಟ್ರೇ, ನೀವು ಮಕ್ಕಳಿಗೆ ಏನು ಬೇಕಾದ್ರೂ ಹೇಳ್ಕೊಡಿ. ಆದರೆ ಪಂಚಾಯ್ತಿ ಸರ್ಕಾರ ಅಲ್ಲ. ಪಂಚಾಯ್ತಿ ಅನ್ನೋದು ಸರ್ಕಾರದ ಒಂದು ಸ್ಕೀಮು. ಕುರಿ ಸಾಕೋ ಸ್ಕೀಮ್ ಇದೆಯಲ್ಲ, ಹಾಗೆ. ಕುರಿ ಬಂದು ನನ್ನ ಕೊಟ್ಟಿಗೆ ಅಲ್ಲಿ ಬೇಡ, ಇಲ್ಲಿ ಕಟ್ಟಿ ಅಂದ್ರೆ ಏನು ಮಾಡ್ತೀರಿ?”

ಸೆಕ್ರೆಟರಿ ನಕ್ಕ. ಅವನ ಬಡ್ತಿ ಅವರ ಕೈಯಲ್ಲಿತ್ತು, ನಗಲೇಬೇಕಿತ್ತು. ಕಾಕಿ ನಗಲಿಲ್ಲ.

ಹದಿನೈದು ದಿನಕ್ಕೆ ಆದೇಶ ಬಂತು. ಠರಾವನ್ನು ಅಮಾನತಿನಲ್ಲಿ ಇಡಲಾಗಿದೆ. ಸ್ಥಳ ಬದಲಾವಣೆಗೆ ಯಾವುದೇ ಕಾರಣ ನಮೂದಿಸಿಲ್ಲ, ಮಂಜೂರಾದ ಸಾರ್ವಜನಿಕ ಕಾಮಗಾರಿಗೆ ಅಡ್ಡಿಯಾಗಿದೆ. ಊರು ಸಭೆ ಸೇರಿ ಆರಿಸಿದ ಹತ್ತಾರು ಜನರ ತೀರ್ಮಾನವನ್ನು ಒಬ್ಬ ನೌಕರ ಕಾಗದದ ಮೇಲೆ ನಿಲ್ಲಿಸಿಬಿಡಬಹುದೆಂದು ಅದೇ ಕಾಯ್ದೆಯಲ್ಲಿದೆ. ಒಂದು ಕೈಯಲ್ಲಿ ಸರ್ಕಾರವೆಂದು ಬೋರ್ಡು ಕೊಟ್ಟು ಇನ್ನೊಂದು ಕೈಯಲ್ಲಿ ಅದರ ಬಾಯಿಗೆ ಮುಚ್ಚಳ ತಯಾರಿಸಿಟ್ಟುಕೊಂಡ ಶಾಸಕರ ಬುದ್ಧಿಯನ್ನು ನಾನು ಅಂದು ದಿನಚರಿಯ ಎರಡು ಪುಟದುದ್ದಕ್ಕೂ ಬೈದಿದ್ದೇನೆ. ಆ ಬೈಗುಳಗಳನ್ನು ಇಂದು ಓದಿದರೂ ಒಂದನ್ನೂ ಹಿಂತೆಗೆದುಕೊಳ್ಳಬೇಕೆನಿಸುವುದಿಲ್ಲ. ದಿಲ್ಲಿ ತನ್ನ ಅಧಿಕಾರಕ್ಕೆ ಕೈ ಹಾಕಿತೆಂದು ಬೆಂಗಳೂರು ವರ್ಷಕ್ಕೆ ನಾಲ್ಕು ಬಾರಿ ಅಳುತ್ತದೆ. ಒಕ್ಕೂಟ ವ್ಯವಸ್ಥೆ ಅಪಾಯದಲ್ಲಿದೆ ಎನ್ನುತ್ತದೆ. ಅದೇ ಬೆಂಗಳೂರಿಗೆ ನಮ್ಮ ಊರಿನ ಹೆಂಗಸರ ಮರೆಯ ಜಾಗವನ್ನೂ ತಾನೇ ಆರಿಸಬೇಕು.

ಆದೇಶದ ಅರ್ಥ ಹೇಳಿದಾಗ ಕಾಕಿ ಒಲೆಯ ಮುಂದೆ ಜೋಳದ ರೊಟ್ಟಿ ಬಡಿಯುತ್ತಿದ್ದಳು.

“ಕಾರಣ ಇಲ್ಲಂತೇನು?”

“ಬರದಿಲ್ಲ ಅಂತಾರ.”

“ಊರಾಗಿನ ಎಲ್ಲಾ ಹೆಣ್ಮಕ್ಕಳ ಹೊಟ್ಟ್ಯಾಗ ಅದ ಕಾರಣ” ಎಂದು ರೊಟ್ಟಿಯನ್ನು ಹಂಚಿನ ಮೇಲೆ ಹಾಕಿದಳು. ಅಷ್ಟೇ. ನನ್ನನ್ನು ಏನೂ ಅನ್ನಲಿಲ್ಲ.

ಆ ವರ್ಷ ನಾನು ಒಂದು ವಿಚಾರ ಸಂಕಿರಣದಲ್ಲಿ ಈ ಆದೇಶವನ್ನೇ ಉದಾಹರಣೆಯಾಗಿಟ್ಟು ಪ್ರಬಂಧ ಓದಿದೆ. ಚಪ್ಪಾಳೆ ಬಂತು. ಹೂಗುಚ್ಛ, ಚೀಲ, ಊಟ. ಹಳ್ಳಿಯ ಸ್ವಾಯತ್ತತೆಯ ಬಗ್ಗೆ ಮಾತಾಡಲು ಬಂದಿದ್ದವರೆಲ್ಲ ಅದೇ ದಿನ ಸಂಜೆಯ ಬಸ್ಸಿಗೆ ತಮ್ಮ ತಮ್ಮ ನಗರಗಳಿಗೆ ಹೊರಟರು. ಪ್ರಬಂಧದಲ್ಲೂ ನಾನು ಖಣಿ ಎಂಬ ಪದ ಬಳಸಿರಲಿಲ್ಲ. ವಿವಾದಿತ ಸ್ಥಳ ಎಂದು ಬರೆದಿದ್ದೆ.

ಕಟ್ಟಡ ಎದ್ದಿತು. ಖಣಿಯ ಒಂದು ಬದಿಯ ಜಾಲಿಯನ್ನೆಲ್ಲ ಕಡಿದರು. ಎಲ್ಲ ಪಂಚಾಯಿತಿಗೂ ಒಂದೇ ನಕ್ಷೆ ಮೇಲಿನಿಂದ ಬಂದಿತ್ತು. ಆ ನಕ್ಷೆಯಲ್ಲಿ ಹಿಂದಿನ ಗೋಡೆಗೆ ಮೂರು ಕಿಟಕಿ. ಹುಲಸೂರಿನ ಕಡೆಯಿಂದ ಗೋಡೆ ಕಟ್ಟಲು ಬಂದ ಗವಂಡಿ ನಕ್ಷೆಯಂತೆ ಮೂರನ್ನೂ ಇಟ್ಟ. ಮೂರೂ ಖಣಿಯ ಒಳಕ್ಕೆ ನೋಡುತ್ತಿದ್ದವು. ಉದ್ಘಾಟನೆಗೆ ದೊಡ್ಡವರು ಮೂರು ತಾಸು ತಡವಾಗಿ ಬಂದು, ಗ್ರಾಮಗಳೇ ದೇಶದ ಆತ್ಮ ಎಂದು ಹೇಳಿ, ಹಾರಗಳನ್ನು ಅಲ್ಲೇ ಬಿಟ್ಟು ಹೋದರು. ಗೋಡೆಯ ಕಲ್ಲಿನ ಮೇಲೆ ಹೆಸರುಗಳು ಮೇಲಿನಿಂದ ಕೆಳಕ್ಕೆ ದೊಡ್ಡದರಿಂದ ಸಣ್ಣದಾಗುತ್ತ ಬಂದು, ಕೊನೆಯಲ್ಲಿ ಕಾಕಿಯದು. ಒಕ್ಕೂಟದ ರಚನೆಯನ್ನು ಅಷ್ಟು ಸ್ಪಷ್ಟವಾಗಿ ನಾನು ಯಾವ ಪಠ್ಯದಲ್ಲೂ ಕಂಡಿಲ್ಲ.

ಮುಂದಿನದನ್ನು ನಾನು ಕಣ್ಣಾರೆ ಕಂಡಂತೆ ನೆನಪಿದೆ. ಉದ್ಘಾಟನೆಯಾದ ವಾರಕ್ಕೆ, ಕಚೇರಿಗೆ ರಜೆಯಿದ್ದ ಒಂದು ಬೆಳಗ್ಗೆ, ಊರ ಹೆಂಗಸರು ಖಣಿಯಲ್ಲೇ ಬಿದ್ದಿದ್ದ ಕೆಂಪು ಕಲ್ಲುಗಳನ್ನು ತಲೆಯ ಮೇಲೆ ಹೊತ್ತು ತಂದರು. ಕಾಕಿ ಬುಟ್ಟಿಯಲ್ಲಿ ಕಲಸಿದ ಮಣ್ಣು ತಂದಳು. ಮೂರು ಕಿಟಕಿಗಳನ್ನೂ ಹೊರಗಿನಿಂದ ಕಲ್ಲು ಇಟ್ಟು, ಮಣ್ಣು ಮೆತ್ತಿ, ಸಂದಿ ಇಲ್ಲದಂತೆ ಮುಚ್ಚಿದರು. ಸುದ್ದಿ ತಿಳಿದು ಸೆಕ್ರೆಟರಿ ಸೈಕಲ್ ಮೇಲೆ ಓಡಿ ಬಂದ.

“ಠರಾವು ಇಲ್ದ ಹ್ಯಾಂಗ ಮುಚ್ತೀರಿ ಅಧ್ಯಕ್ಷ್ರ? ಸರ್ಕಾರಿ ಬಿಲ್ಡಿಂಗ್ ಅದ ಇದು.”

“ಠರಾವು ಆಗ್ಯಾದ.”

“ಎಲ್ಲಿ ಆಗ್ಯಾದ್ರಿ? ಪುಸ್ತಕ ನನ್ನ ಕಪಾಟಿನಾಗ ಅದ.”

“ಖಣ್ಯಾಗ ಆಗ್ಯಾದ. ಮುಂಜಾನೆ. ಎಲ್ಲಾರೂ ಹಾಜರ ಇದ್ರು. ನಿನ್ನ ಹೆಂಡ್ತಿನೂ ಇದ್ಳು, ಮನಿಗಿ ಹೋಗಿ ಕೇಳು.”

ಹೆಂಗಸರು ನಕ್ಕದ್ದು, ಸೆಕ್ರೆಟರಿ ಸೈಕಲ್ಲನ್ನು ತಿರುಗಿಸಿದ್ದು, ಕಾಕಿಯ ಮೊಣಕೈವರೆಗೂ ಕೆಂಪು ಮಣ್ಣು ಮೆತ್ತಿದ್ದು, ಎಲ್ಲ ನನ್ನ ಕಣ್ಣ ಮುಂದಿದೆ. ಆದರೆ ದಿನಚರಿಯ ಪ್ರಕಾರ ಆ ಬೆಳಗ್ಗೆ ನಾನು ಹುಮನಾಬಾದಿನಲ್ಲಿ ಪರೀಕ್ಷೆಯ ಕೋಣೆಯಲ್ಲಿ ಕಾವಲು ನಿಂತಿದ್ದೆ. ಒಬ್ಬ ಹುಡುಗನ ಅಂಗಿಯ ತೋಳಿನೊಳಗಿಂದ ನಾನೇ ಬರೆಸಿದ ನೋಟ್ಸ್ ಹಿಡಿದದ್ದು ಅದೇ ದಿನ ದಾಖಲಾಗಿದೆ. ಹಾಗಾದರೆ ಇದೆಲ್ಲ ಯಾರೋ ಹೇಳಿದ್ದು, ನಾನು ಒಳಗೆ ನುಸುಳಿಕೊಂಡಿದ್ದೇನೆ.

ಕೆಲವು ತಿಂಗಳ ಮೇಲೆ ಸಾಹೇಬರು ತಪಾಸಣೆಗೆ ಬಂದರು. ಕರೆಂಟ್ ಇರಲಿಲ್ಲ. ಕತ್ತಲೆಯ ಕೋಣೆಯಲ್ಲಿ ಬೆವರು ಒರೆಸಿಕೊಳ್ಳುತ್ತ ಕಿಟಕಿ ಎಲ್ಲಿ ಎಂದು ಕೇಳಿದರಂತೆ. “ಸ್ಕೀಮಿಗೆ ಗಾಳಿ ಯಾಕ ಬೇಕ್ರಿ ಸಾಹೇಬ್ರ” ಎಂದು ಕಾಕಿ ಹೇಳಿದಳೆಂದು ನಾನು ವರ್ಷಗಟ್ಟಲೆ ಗೆಳೆಯರಿಗೆ ಹೇಳಿ ನಗಿಸಿದ್ದೇನೆ. ಕಾಕಿಯನ್ನು ಆಮೇಲೆ ಕೇಳಿದರೆ, ಹಾಗೆ ಹೇಳಿಲ್ಲ ಎಂದಳು. ನಾನೇ ಸೇರಿಸಿದ್ದಿರಬೇಕು. ಸಾಹೇಬರು ಮುಚ್ಚಿದ ಕಿಟಕಿಗಳನ್ನು ನೋಡಿ ಏನೂ ಅನ್ನದೆ ಹೊರಗೆ ಬಂದು ಬೇವಿನ ಮರದಡಿ ಕುರ್ಚಿ ಹಾಕಿಸಿಕೊಂಡು ಕಡತ ನೋಡಿದರಂತೆ. ಅದು ಮಾತ್ರ ಖರೇ ಎಂದಳು.

ಅವರು ಯಾಕೆ ಏನೂ ಅನ್ನಲಿಲ್ಲ? ಆ ಮನುಷ್ಯ ಒಂದು ಮಾತನ್ನೂ ಬಿಡುವವರಲ್ಲ. ಈ ಪ್ರಶ್ನೆ ನನಗೆ ಆಗ ಹೊಳೆಯಲಿಲ್ಲ. ಕಾಕಿಯ ಧೈರ್ಯಕ್ಕೆ ಬೆದರಿದರೆಂದು ತಿಳಿದು ತೃಪ್ತಿಪಟ್ಟಿದ್ದೆ. ಉತ್ತರ ಸಿಕ್ಕದ್ದು ಸುಮಾರು ಹತ್ತು ವರ್ಷದ ಮೇಲೆ, ಎರಡು ಸಾವಿರದ ಐದನೆಯದೋ ಆರನೆಯದೋ ಇಸವಿಯಲ್ಲಿ. ಅಷ್ಟರಲ್ಲಿ ಕಾಕಿಯ ನಂತರ ಬೇರೆ ಬೇರೆ ಅಧ್ಯಕ್ಷರು ಬಂದು ಹೋಗಿದ್ದರು. ಮನೆಮನೆಗೆ ಪಾಯಿಖಾನೆ ಕಟ್ಟಿಸುವ ಯೋಜನೆ ಬಂದಿತ್ತು. ಅದೂ ಮೇಲಿನಿಂದ, ಅದಕ್ಕೂ ಒಂದೇ ನಕ್ಷೆ. ಊರಲ್ಲಿ ಯಾರೂ ಬಯಲಿಗೆ ಹೋಗುವುದಿಲ್ಲವೆಂದು ಠರಾವು ಮಾಡಿ ಕಳಿಸಿರೆಂದು ಸುತ್ತೋಲೆ ಬಂದಿತ್ತು. ಪಂಚಾಯಿತಿ ಹಾಗೇ ಠರಾವು ಮಾಡಿ ಕಳಿಸಿತ್ತು. ಹತ್ತು ವರ್ಷದ ಹಿಂದೆ ಊರ ಮರ್ಯಾದೆಗೆ ಅಂಜಿ ಬರೆಯದೆ ಬಿಟ್ಟ ಮಾತು ಈಗ ಮೇಲಿನವರೇ ಕೇಳಿದ್ದರಿಂದ ಸಲೀಸಾಗಿ ಕಾಗದಕ್ಕೆ ಬಂದಿತ್ತು. ಅದೂ ಸುಳ್ಳಾಗಿ. ಅರ್ಧ ಮನೆಗಳಲ್ಲಿ ಪಾಯಿಖಾನೆಯೊಳಗೆ ಸಗಣಿಯ ಕುಳ್ಳು, ಕಟ್ಟಿಗೆ ಒಟ್ಟಿದ್ದರು. ನೀರಿರಲಿಲ್ಲ.

ಕಾಕಿ ಅಂಗಳದಲ್ಲಿ ಮೊರ ಹಿಡಿದು ತೊಗರಿ ಹಸನು ಮಾಡುತ್ತಿದ್ದಳು. ನಾನು ಆ ಸುತ್ತೋಲೆಯನ್ನು ಹಳಿಯುತ್ತ ಹಳೆಯ ಸಾಹೇಬರವರೆಗೆ ಬಂದೆ. ಎಂಥ ನೀಚ ಮನುಷ್ಯ, ನಿನಗೆ ಒಂದು ಕುರ್ಚಿ ಕೂಡ ಕೊಡಲಿಲ್ಲ ಎಂದೆ.

“ಆಮ್ಯಾಲ ಕೊಟ್ಟಾರ” ಎಂದಳು ಕಾಕಿ.

“ಯಾವಾಗ?”

“ಹುಕುಂ ಬಂತಲ್ಲ, ಆಮ್ಯಾಲ ನಾ ಒಬ್ಬಾಕಿನೇ ಬಸ್ ಹತ್ತಿ ಹೋಗಿದ್ದೆ.”

“ನನಗ ಹೇಳಲಿಲ್ಲ.”

“ನಿನಗ ಹೇಳಿದ್ರ ನೀ ಬರ್ತಿದ್ದಿ.”

ಮೊರದ ತುದಿಯಿಂದ ಒಂದು ಹರಳು ಹಾರಿಸಿ, ಅವಳು ಅವಸರವಿಲ್ಲದೆ ಹೇಳಿದಳು. ಸಾಹೇಬರ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಹೆಣ್ಣುಮಕ್ಕಳು ಹೊರಕಡೆಗೆ ಹೋಗುವ ಜಾಗ ಅದು, ನಮಗೆ ಬೇರೆ ಮರೆ ಇಲ್ಲ ಎಂದು ನೇರವಾಗಿ ಹೇಳಿದಳು. ಅವರು ಪೆನ್ನು ಕೆಳಗಿಟ್ಟು, ಕೂತ್ಕೊಳ್ಳಿ ಅಮ್ಮ ಎಂದರು. ಮೊದಲೇ ಈ ಮಾತು ಠರಾವಿನಲ್ಲಿ ಇದ್ದಿದ್ದರೆ ಜಾಗ ಬದಲಿಸಿ ಕಳಿಸುತ್ತಿದ್ದೆ, ಈಗ ಟೆಂಡರ್ ಆಗಿದೆ, ಜಿಲ್ಲೆಯಿಂದ ಆದೇಶ ಆಗಿದೆ, ನನ್ನ ಕೈಯಲ್ಲಿಲ್ಲ ಎಂದರು. ಯಾಕೆ ಬರೆಯಲಿಲ್ಲ ಎಂದೂ ಕೇಳಿದರು.

“ನೀ ಏನಂದಿ?”

“ನಮ್ಮ ಹುಡ್ಗ ಭಾಳ ಓದ್ಯಾನ್ರಿ, ಹಂಗಾಗಿ ಬರೀಲಿಲ್ಲ ಅಂದೆ.”

ಅವರು ಸುಳ್ಳು ಹೇಳಿರಬಹುದು ಕಾಕಿ, ಕೈ ಮೀರಿದ ಮೇಲೆ ಎಲ್ಲ ಅಧಿಕಾರಿಗಳೂ ಮೊದಲೇ ಬಂದಿದ್ದರೆ ಅನ್ನುತ್ತಾರೆ ಎಂದೆ. ಈಗಲೂ ಹಾಗೇ ಅನ್ನಿಸುತ್ತದೆ. ಅನ್ನಿಸಬೇಕೆಂದು ನಾನು ಬಯಸುವುದರಿಂದ ಆ ಅನ್ನಿಸಿಕೆಗೆ ಬೆಲೆ ಇಲ್ಲ.

“ಇರಬಹುದು” ಎಂದಳು. “ನೀ ಬರದದ್ದು ಚಲೋನೇ ಇತ್ತಪ್ಪ. ಅದ್ರಾಗ ನಾವು ಇರಲಿಲ್ಲ, ಅಷ್ಟೇ.”

ಅಂದು ಮಧ್ಯಾಹ್ನ ಪಂಚಾಯಿತಿ ಕಚೇರಿಗೆ ಹೋದೆ. ಹೊಸ ಅಧ್ಯಕ್ಷೆ ಚಿಕ್ಕ ವಯಸ್ಸಿನವಳು. ಹಾಡಹಗಲಲ್ಲಿ ಟ್ಯೂಬ್‌ಲೈಟ್ ಹಾಕಿಕೊಂಡು, ಮುಚ್ಚಿದ ಕಿಟಕಿಗೆ ಬೆನ್ನು ಕೊಟ್ಟು ಕೂತಿದ್ದಳು. ಕಿಟಕಿಗಳ ಒಳಬದಿಗೆ ಸುಣ್ಣ ಬಳಿದು, ಅವುಗಳ ಮೇಲೆ ಯೋಜನೆಗಳ ಪಟ್ಟಿಯನ್ನು ನೀಲಿ ಬಣ್ಣದಲ್ಲಿ ಬರೆಸಿದ್ದರು. ಹಳೆಯ ಠರಾವು ಪುಸ್ತಕ ಕೇಳಿದೆ. ಹೊಸ ಸೆಕ್ರೆಟರಿ ಹುಡುಕಿ ಕೊಟ್ಟ. ನನ್ನ ಅಕ್ಷರದ ಒಂದೂವರೆ ಪುಟ ಹಾಗೇ ಇತ್ತು. ಅಡ್ಡಲಾಗಿ ಕೆಂಪು ಶಾಯಿಯಲ್ಲಿ ‘ಅಮಾನತು’ ಎಂದಿತ್ತು. ಕಿಟಕಿ ಮುಚ್ಚಿದ್ದರ ಬಗ್ಗೆ ಎಲ್ಲೂ ಒಂದು ಸಾಲು ಇರಲಿಲ್ಲ.

“ಈ ಕಿಟಕಿ ಯಾರು ಮುಚ್ಚಿಸಿದ್ದು ಅಂತ ಗೊತ್ತದೇನ್ರಿ?” ಎಂದು ಕೇಳಿದೆ.

“ಗೊತ್ತಿಲ್ರಿ ಸರ” ಎಂದ ಸೆಕ್ರೆಟರಿ. “ಮೊದಲಿಂದ ಹಂಗೇ ಅದಾವ. ಮುಂದಿನ ವರ್ಷ ರಿಪೇರಿ ಮಂಜೂರ ಅದ, ತೆಗಿಸ್ತೀವಿ.”

ಅಧ್ಯಕ್ಷೆ ತಲೆ ಎತ್ತದೆ ಹೇಳಿದಳು, “ತೆಗಿಸಂಗಿಲ್ಲ.”

“ಯಾಕ್ರಿ ಅಧ್ಯಕ್ಷ್ರ?”

ಅವಳು ಒಮ್ಮೆ ನನ್ನನ್ನು, ಒಮ್ಮೆ ಅವನನ್ನು ನೋಡಿದಳು. ಇಬ್ಬರೂ ಗಂಡಸರೇ ಇದ್ದೆವು. ನನಗೆ ಉತ್ತರ ಗೊತ್ತಿತ್ತು, ಅವಳ ಬದಲು ಹೇಳಿಬಿಡಲು ಬಾಯಿಯೂ ಸಿದ್ಧವಾಗಿತ್ತು. ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟು ಹೊರಗೆ ಬಂದೆ. ಬಾಗಿಲು ದಾಟುವಾಗ ಅವಳು ಮಾತು ಶುರುಮಾಡಿದ್ದು ಕೇಳಿಸಿತು. ಏನು ಹೇಳಿದಳೆಂದು ನನ್ನ ದಿನಚರಿಯಲ್ಲಿಲ್ಲ.